ತಾರಿಹಾಳದಲ್ಲಿ ಗೋಲು ಕಾಯುವವರು

ಸಂಜೆ ಐದೂವರೆಗೆ ಸೈರನ್ ಆಯಿತೆಂದರೆ ತಾರಿಹಾಳದ ಕೈಗಾರಿಕಾ ಪ್ರದೇಶಕ್ಕೆ ಬೇರೆಯದೇ ಮುಖ ಬರುತ್ತದೆ. ಅಲ್ಲಿಯವರೆಗೆ ಗ್ರೈಂಡರ್ ಸದ್ದು, ಕ್ರೇನಿನ ಗಂಟೆ, ಕಾದ ಎಣ್ಣೆಯ ವಾಸನೆ. ಆಮೇಲೆ ಗೇಟಿನ ಮುಂದೆ ಬೈಕುಗಳ ಸಾಲು, ಚಾ ಅಂಗಡಿಯಲ್ಲಿ ಗಿರ್ಮಿಟ್ ಕಲಸುವ ಸಪ್ಪಳ, ಖಾಲಿ ಡಬ್ಬಿ ಹಿಡಿದು ಬಸ್ಸಿಗೆ ಓಡುವ ಹೆಣ್ಣುಮಕ್ಕಳು. ಆ ಓಡುವವರಲ್ಲಿ ನಾನೂ ಒಬ್ಬಳು.

ಆದರೆ ಕಳೆದ ವರ್ಷದಿಂದ ನಾನು ವಾರಕ್ಕೆ ಒಂದೆರಡು ಬಸ್ಸು ಬಿಡುತ್ತೇನೆ. ಕಾರಣ, ನಮ್ಮ ಶೆಡ್ಡಿನ ಹಿಂದಿನ ಖಾಲಿ ಪ್ಲಾಟು. ಅಲ್ಲಿ ಅಪ್ರೆಂಟಿಸ್ ಹುಡುಗರು ಸ್ಕ್ರ್ಯಾಪಿನಲ್ಲಿ ಸಿಕ್ಕ ಪೈಪುಗಳನ್ನು ನೆಟ್ಟು ಗೋಲು ಮಾಡಿಕೊಂಡಿದ್ದಾರೆ. ಕಂಬಕ್ಕೆ ಒಂದು ಗೇಣು ಕೆಂಪು, ಒಂದು ಗೇಣು ಬಿಳಿ ಬಣ್ಣ. ದಾರಿಹೋಕರು ಫುಟ್ಬಾಲ್ ಅಂದುಕೊಳ್ಳುತ್ತಾರೆ. ನಾನು ಮೊದಲ ದಿನವೇ ಗುರುತು ಹಿಡಿದೆ. ಮೂರು ಮೀಟರ್ ಅಗಲ, ಎರಡು ಮೀಟರ್ ಎತ್ತರ, ಕೆಂಪು-ಬಿಳಿ ಪಟ್ಟಿ. ಅದು ಹ್ಯಾಂಡ್‌ಬಾಲ್ ಗೋಲು. ಹೈಸ್ಕೂಲಿನ ಮೂರು ವರ್ಷ ನಾನು ಅಂಥದೇ ಒಂದು ಚೌಕಟ್ಟಿನಲ್ಲಿ ನಿಂತಿದ್ದೆ.

ಎರಿ ಹೊಲದಿಂದ ಶೆಡ್ಡಿನವರೆಗೆ

ತಾರಿಹಾಳ ನೋಡಲು ಯಾರೂ ಪ್ರವಾಸ ಬರುವುದಿಲ್ಲ. ಹುಬ್ಬಳ್ಳಿಯ ಹೊಸ ಬಸ್ ನಿಲ್ದಾಣ ದಾಟಿ, ಗೋಕುಲ ರಸ್ತೆ ಹಿಡಿದು, ಅಕ್ಷಯ ಪಾರ್ಕ್, ವಿಮಾನ ನಿಲ್ದಾಣ ಎಲ್ಲ ಹಿಂದೆ ಬಿಟ್ಟರೆ ಊರು ತೆಳುವಾಗುತ್ತ ಹೋಗುತ್ತದೆ. ಒಂದು ಕಡೆ ಹತ್ತಿ, ಹೆಸರು ಬೆಳೆಯುವ ಎರಿ ಹೊಲ, ಇನ್ನೊಂದು ಕಡೆ ತಗಡಿನ ಶೆಡ್ಡು. ಮಳೆಗಾಲದಲ್ಲಿ ಆ ಕಪ್ಪು ಮಣ್ಣು ಚಪ್ಪಲಿಗೆ ಹತ್ತಿದರೆ ಬಿಡುವುದಿಲ್ಲ. ನಾಲ್ಕು ಹೆಜ್ಜೆ ನಡೆದರೆ ಕಾಲು ಎರಡು ಕಿಲೋ ಜಾಸ್ತಿ ತೂಗುತ್ತದೆ. ಬೇಸಿಗೆಯಲ್ಲಿ ಅದೇ ಮಣ್ಣು ಬಿರುಕು ಬಿಟ್ಟು ಅಂಗೈ ತೂರುವಷ್ಟು ಬಾಯಿ ತೆರೆದಿರುತ್ತದೆ.

ಹತ್ತಿರದಲ್ಲೇ ಪುಣೆ-ಬೆಂಗಳೂರು ಹೆದ್ದಾರಿಯ ಬೈಪಾಸು. ಗಬ್ಬೂರಿನಿಂದ ನರೇಂದ್ರದವರೆಗಿನ ಈ ರಸ್ತೆ ವರ್ಷಗಟ್ಟಲೆ ಎರಡೇ ಪಥದ್ದಾಗಿತ್ತು. ಹೊರಗಿನವರಿಗೆ ಅದು ಬರೀ ಒಂದು ಬೈಪಾಸು. ನಮಗೆ, ರಾತ್ರಿ ಪಾಳಿ ಮುಗಿಸಿದವರು ಮನೆ ಮುಟ್ಟಿ ಫೋನ್ ಮಾಡುವವರೆಗೆ ಜೀವ ಕೈಯಲ್ಲಿ ಹಿಡಿಯುವ ರಸ್ತೆ. 2022ರ ಮೇ ತಿಂಗಳಲ್ಲಿ ಇಲ್ಲಿ ಬಸ್ಸು-ಲಾರಿ ಡಿಕ್ಕಿಯಾಗಿ ಜನ ಸತ್ತರು. ಅದೇ ವರ್ಷ ಜುಲೈನಲ್ಲಿ ಇದೇ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಗೆ ಬೆಂಕಿ ಬಿದ್ದು ದುಡಿಯಲು ಬಂದಿದ್ದವರು ಜೀವ ಕಳೆದುಕೊಂಡರು. ಆಮೇಲೆ ನಮ್ಮಲ್ಲಿ ಯಾರೂ 'ಇರಲಿ ಬಿಡ್ರಿ, ಏನಾಗಂಗಿಲ್ಲ' ಅನ್ನುವ ಮಾತನ್ನು ಹಗುರವಾಗಿ ಆಡುವುದಿಲ್ಲ. ಆಡಬಾರದು ಅಂತ ಗೊತ್ತು. ಆದರೂ ಒಂದು ದಿನ ನಾನೇ ಆಡಿದೆ. ಅದನ್ನೇ ಹೇಳಲು ಹೊರಟಿದ್ದೇನೆ.

ಹತ್ತಕ್ಕೆ ಮೂರು

ಮೊದಲು ಆಟದ ಮಾತು. ನಮ್ಮ ಪಿ.ಟಿ. ಮಾಸ್ತರು ನನ್ನನ್ನು ಗೋಲಿಗೆ ಆರಿಸಿದ್ದು ಆಟ ಬರುತ್ತದೆಂದಲ್ಲ, ಚೆಂಡು ಬಂದರೆ ಕಣ್ಣು ಮುಚ್ಚುವುದಿಲ್ಲ ಎಂದು. ಹ್ಯಾಂಡ್‌ಬಾಲ್ ಅಂಗಳ 40 ಮೀಟರ್ ಉದ್ದ, 20 ಮೀಟರ್ ಅಗಲ. ಒಂದೊಂದು ಕಡೆ ಏಳು ಜನ. ಗೋಲಿನ ಮುಂದೆ ಆರು ಮೀಟರ್ ಗೆರೆ. ಅದರೊಳಗೆ ನಿಲ್ಲುವ ಹಕ್ಕು ಕೀಪರ್‌ಗೆ ಮಾತ್ರ. ಎದುರಾಳಿ ಗೆರೆಯ ಮೇಲಿಂದ ಜಿಗಿದು, ಗಾಳಿಯಲ್ಲಿದ್ದಾಗಲೇ ಎಸೆಯುತ್ತಾನೆ. ದೊಡ್ಡವರ ಆಟದಲ್ಲಿ ಆ ಚೆಂಡು ಗಂಟೆಗೆ ನೂರು ಕಿಲೋಮೀಟರ್ ದಾಟುವುದುಂಟು. ತಡೆಯುವವರ ಕೈಗೆ ಗ್ಲೌಸ್ ಇಲ್ಲ, ಕಾಲಿಗೆ ಪ್ಯಾಡ್ ಇಲ್ಲ, ಮುಖಕ್ಕೆ ಜಾಲರಿ ಇಲ್ಲ. ಕೈ, ಕಾಲು, ಎದೆ, ಯಾವುದು ಮುಂದೆ ಸಿಕ್ಕರೆ ಅದು.

ಹಾಗಾಗಿ ಈ ಆಟದ ಲೆಕ್ಕವೇ ಬೇರೆ. ಒಂದು ಪಂದ್ಯದಲ್ಲಿ ಒಂದು ತಂಡ 25, 30 ಗೋಲು ಹೊಡೆಯುವುದು ಮಾಮೂಲು. ಹತ್ತು ಹೊಡೆತದಲ್ಲಿ ಮೂರು ತಡೆದರೆ ಒಳ್ಳೆಯ ಕೀಪರ್. ನಾಲ್ಕು ತಡೆದರೆ ಆ ದಿನ ಅವನದೇ. ಅಂದರೆ ಲೋಕದ ದೊಡ್ಡ ದೊಡ್ಡ ಕೀಪರುಗಳೂ ತಡೆದದ್ದಕ್ಕಿಂತ ಬಿಟ್ಟದ್ದೇ ಹೆಚ್ಚು. ಆಗ ನನಗೆ ಇದು ತಿಳಿದಿರಲಿಲ್ಲ. ಜಿಲ್ಲಾ ಮಟ್ಟದ ಒಂದು ಪಂದ್ಯದಲ್ಲಿ ಕೊನೆಯ ಗೋಲು ನನ್ನ ಬಗಲಲ್ಲೇ ನುಗ್ಗಿದಾಗ ಮನೆಗೆ ಬಂದು ಅತ್ತಿದ್ದೆ. ಅವ್ವ 'ಓದ್ಕೋ ಹೋಗು, ಅದ ಉಪಯೋಗಕ್ಕ ಬರತೈತಿ' ಅಂದಿದ್ದಳು. ಓದಿದೆ. ಡಿಪ್ಲೊಮಾ ಆಯಿತು, ತಾರಿಹಾಳಕ್ಕೆ ಬಂದೆ.

ಪುಟ್ಟ ದೇಶದ ಕೀಪರ್

ಹತ್ತು ವರ್ಷ ಬಿಟ್ಟಿದ್ದ ಆಟವನ್ನು ಮತ್ತೆ ಮೊಬೈಲಿಗೆ ತಂದದ್ದು ಈ ಅಪ್ರೆಂಟಿಸ್ ಹುಡುಗರು. 2024ರ ಆಗಸ್ಟ್‌ನಲ್ಲಿ ಪ್ಯಾರಿಸ್ ಒಲಿಂಪಿಕ್ಸ್ ನಡೆದಾಗ ಊರೆಲ್ಲ ನೀರಜ್ ಚೋಪ್ರಾನ ಈಟಿ, ಶ್ರೀಜೇಶನ ಹಾಕಿ ನೋಡುತ್ತಿದ್ದರೆ ಇವರು ಚಾ ಅಂಗಡಿಯಲ್ಲಿ ಒಂದೇ ಫೋನಿಗೆ ಆರು ತಲೆ ಬಗ್ಗಿಸಿ ಹ್ಯಾಂಡ್‌ಬಾಲ್ ಹೈಲೈಟ್ಸ್ ನೋಡುತ್ತಿದ್ದರು. 'ಮೇಡಂ, ಈ ಕೀಪರ್‌ನ ನೋಡ್ರಿ' ಅಂತ ತೋರಿಸಿದ್ದು ಸ್ಲೊವೇನಿಯಾದ ಕ್ಲೆಮೆನ್ ಫೆರ್ಲಿನ್‌ನನ್ನು.

ಸ್ಲೊವೇನಿಯಾ ಎಲ್ಲಿದೆ ಅಂತ ನಾನೂ ಹುಡುಕಿಯೇ ನೋಡಿದೆ. ಇಟಲಿ, ಆಸ್ಟ್ರಿಯಾ, ಹಂಗೇರಿ, ಕ್ರೊವೇಷಿಯಾ ನಡುವಿನ ಪುಟ್ಟ ದೇಶ. 1991ರಲ್ಲಿ ಯುಗೊಸ್ಲಾವಿಯಾದಿಂದ ಬೇರೆಯಾಯಿತು. ಜನಸಂಖ್ಯೆ ಸುಮಾರು 21 ಲಕ್ಷ. 2011ರ ಜನಗಣತಿಯಲ್ಲಿ ನಮ್ಮ ಧಾರವಾಡ ಜಿಲ್ಲೆಯ ಲೆಕ್ಕವೇ 18 ಲಕ್ಷ ದಾಟಿತ್ತು. ಹೆಚ್ಚುಕಡಿಮೆ ನಮ್ಮ ಜಿಲ್ಲೆಯಷ್ಟು ಜನ! ಅಷ್ಟರಲ್ಲೇ 2004ರಲ್ಲಿ ಯುರೋಪಿಯನ್ ಚಾಂಪಿಯನ್‌ಷಿಪ್ ಬೆಳ್ಳಿ, 2017ರ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು. ಅಲ್ಲಿನ ತ್ಸೆಲ್ಯೆ ಅನ್ನುವ ಊರಲ್ಲಿ ಇರುವುದು ಸುಮಾರು 40 ಸಾವಿರ ಜನ. ಆ ಊರಿನ ಕ್ಲಬ್ಬು 2004ರಲ್ಲಿ ಇಡೀ ಯುರೋಪಿನ ಚಾಂಪಿಯನ್ಸ್ ಲೀಗ್ ಗೆದ್ದಿತು. ಫೆರ್ಲಿನ್ ಆಡಿದ್ದು ಅದೇ ಕ್ಲಬ್ಬಿಗೆ. ಆಮೇಲೆ ಜರ್ಮನಿಯ ಎರ್ಲಾಂಗನ್ ತಂಡಕ್ಕೆ. 1989ರಲ್ಲಿ ಹುಟ್ಟಿದವನು, ಪ್ಯಾರಿಸ್ ಒಲಿಂಪಿಕ್ಸ್ ಹೊತ್ತಿಗೆ ವಯಸ್ಸು 35. ನಮ್ಮಲ್ಲಿ ಆ ವಯಸ್ಸಿಗೆ 'ಇನ್ನೇನು ಆಟ, ಮಕ್ಕಳನ್ನ ನೋಡ್ಕೋ' ಅನ್ನುತ್ತಾರೆ. ಹ್ಯಾಂಡ್‌ಬಾಲ್ ಕೀಪರ್‌ಗೆ ಅದು ಹಣ್ಣಾಗುವ ವಯಸ್ಸು. ಎಸೆಯುವವನ ಭುಜ, ಮಣಿಕಟ್ಟು ನೋಡಿ ಚೆಂಡು ಎಲ್ಲಿಗೆ ಬರುತ್ತದೆಂದು ಓದುವ ವಿದ್ಯೆ ಸಾವಿರಾರು ಗೋಲು ಬಿಟ್ಟ ಮೇಲೆಯೇ ಕೈಗೆ ಹತ್ತುವಂಥದು.

ಕೊನೆಯ ಘಟ್ಟದ ಪಂದ್ಯಗಳು ನಡೆದದ್ದು ಲೀಲ್ ನಗರದಲ್ಲಿ. ಆಗಸ್ಟ್ 9ರ ಸೆಮಿಫೈನಲ್‌ನಲ್ಲಿ ಡೆನ್ಮಾರ್ಕ್ ಎದುರು ಸ್ಲೊವೇನಿಯಾ 30-31ರಲ್ಲಿ ಸೋತಿತು. ಎರಡು ದಿನ ಬಿಟ್ಟು ಕಂಚಿನ ಪಂದ್ಯದಲ್ಲಿ ಸ್ಪೇನ್ ಎದುರು 22-23. ಎರಡು ಸಲವೂ ಒಂದೇ ಒಂದು ಗೋಲು. ಬರಿಗೈಲಿ ಮನೆಗೆ.

ಮೂವತ್ತು ಸೆಕೆಂಡು

ನನ್ನ ಕತೆ ನಡೆದದ್ದೂ ಅದೇ ಆಗಸ್ಟ್ 9ರಂದು, ಶುಕ್ರವಾರ.

ಹುಬ್ಬಳ್ಳಿ ಕೈಗಾರಿಕಾ ವಾಲ್ವ್‌ಗಳಿಗೆ ಹೆಸರಾದ ಊರು. ನಾನು ಕೆಲಸ ಮಾಡುವುದೂ ವಾಲ್ವ್ ತಯಾರಿಸುವ ಒಂದು ಶೆಡ್ಡಿನಲ್ಲಿ, ಕೊನೆಯ ತಪಾಸಣೆ ವಿಭಾಗದಲ್ಲಿ. ಎರಕ ಹೊಯ್ದು, ಕೊರೆದು, ಜೋಡಿಸಿದ ವಾಲ್ವ್ ನನ್ನ ಬೆಂಚಿಗೆ ಬರುತ್ತದೆ. ಎರಡೂ ಬಾಯಿ ಮುಚ್ಚಿ, ಒಳಗೆ ನೀರು ತುಂಬಿ, ಅದು ತಾಳಬೇಕಾದ ಒತ್ತಡದ ಒಂದೂವರೆ ಪಟ್ಟು ಕೊಡುತ್ತೇವೆ. ಆರು ಇಂಚಿನ ವಾಲ್ವಾದರೆ ಕನಿಷ್ಠ ಒಂದು ನಿಮಿಷ ಹಿಡಿಯಬೇಕು. ಹೊರಮೈ ಮೇಲೆ ಒಂದು ಹನಿಯೂ ಕಾಣಬಾರದು. ಎರಕದಲ್ಲಿ ಕಣ್ಣಿಗೆ ಕಾಣದ ತೂತಿದ್ದರೆ ನೀರು ಚಿಮ್ಮುವುದಿಲ್ಲ; ಬಿಸಿಲಿಗೆ ನಿಂತವರ ಹಣೆಯ ಹಾಗೆ ಮೆಲ್ಲಗೆ ಒದ್ದೆಯಾಗುತ್ತದೆ. ನಮ್ಮವರು ಅದಕ್ಕೆ 'ಬಾಡಿ ಬೆವರತೈತಿ' ಅನ್ನುತ್ತಾರೆ. ನನ್ನ ಸಹಿ ಬಿದ್ದ ಮೇಲೆ ಅದನ್ನು ಇಲ್ಲಿ ಮತ್ತೆ ನೋಡುವವರು ಯಾರೂ ಇಲ್ಲ. ಆಚೆ ಎಲ್ಲೋ ಯಾರದೋ ಪೈಪಿನಲ್ಲಿ ಕೂರುತ್ತದೆ.

ಅವತ್ತು 40 ವಾಲ್ವ್‌ಗಳ ಲಾಟ್. ನಡುವೆ ಕರೆಂಟು ಹೋಗಿ ಒಂದು ತಾಸು ಹಾಳಾಗಿತ್ತು. ಲಾರಿ ಗೇಟಿನಲ್ಲಿ ಹಾರ್ನ್ ಹೊಡೆಯುತ್ತಿತ್ತು. ಸೈರನ್ ಆಯಿತು. ಕೊನೆಯ ಆರು ವಾಲ್ವ್‌ಗಳನ್ನು ನಾನು ಒಂದು ನಿಮಿಷ ಹಿಡಿಯಲಿಲ್ಲ. ಮೂವತ್ತು ಸೆಕೆಂಡು ಹಿಡಿದೆ. ಶೀಟಿನಲ್ಲಿ 60 ಅಂತ ಬರೆದೆ, ಸಹಿ ಮಾಡಿದೆ, ಬಸ್ಸಿಗೆ ಓಡಿದೆ.

ರಾತ್ರಿ ನಿದ್ದೆ ಹತ್ತಲಿಲ್ಲ. ಏನಾಗಂಗಿಲ್ಲ ಬಿಡು, 34 ಸರಿ ಇದ್ದವು, ಇವೂ ಸರಿ ಇರ್ತಾವ ಅಂತ ನನಗೆ ನಾನೇ ಹೇಳಿಕೊಂಡೆ. ಬೆಳಗ್ಗೆ ಬಸ್ಸಿನಲ್ಲಿ ಕೂತು ಆ ಸೆಮಿಫೈನಲ್ ಹೈಲೈಟ್ಸ್ ಹಚ್ಚಿದೆ. ಗೋಲು ಬಿಟ್ಟಾಗಲೆಲ್ಲ ಫೆರ್ಲಿನ್ ಬಗ್ಗಿ, ಬಲೆಯಿಂದ ಚೆಂಡು ಎತ್ತಿ, ಮುಂದಕ್ಕೆ ಎಸೆದು, ಮತ್ತೆ ಕೈ ಅಗಲಿಸಿ ನಿಲ್ಲುತ್ತಿದ್ದ.  ತನ್ನ ತಂಡದ ತಪ್ಪನ್ನೆಲ್ಲ ಸ್ಟೇಡಿಯಂ ತುಂಬ ಜನರ ಎದುರು ತನ್ನ ಕೈಯಾರೆ ಬಲೆಯಿಂದ ಹೊರಗೆ ತೆಗೆಯುವುದೂ ಕೀಪರ್‌ನದೇ ಕೆಲಸ.

ವಿಮಾನ ನಿಲ್ದಾಣದ ಕಂಪೌಂಡು ದಾಟುವಾಗ ನನಗೆ ಹೊಳೆದದ್ದು ಇಷ್ಟು. ಅವನು ಬಿಟ್ಟ ಗೋಲು ಎಲ್ಲರಿಗೂ ಕಾಣುತ್ತದೆ, ಮುಚ್ಚಿಡುವ ದಾರಿಯೇ ಇಲ್ಲ. ನಾನು ಬಿಟ್ಟದ್ದು ನನಗೆ ಮಾತ್ರ ಗೊತ್ತು. ಹತ್ತಕ್ಕೆ ಮೂರು ತಡೆದು ಅವನು ಹೆಮ್ಮೆಯಿಂದ ಮನೆಗೆ ಹೋಗಬಹುದು. ನನ್ನ ಬೆಂಚಿನಲ್ಲಿ ನಲವತ್ತಕ್ಕೆ ನಲವತ್ತೂ ಆಗಬೇಕು. ಅಷ್ಟಾದರೂ ನಾವಿಬ್ಬರೂ ಮಾಡಬೇಕಾದ್ದು ಒಂದೇ: ಬಲೆಯಲ್ಲಿ ಬಿದ್ದದ್ದನ್ನು ಬಗ್ಗಿ ಎತ್ತಿ ಎಲ್ಲರ ಮುಂದೆ ಇಡುವುದು.

ಶೆಡ್ಡಿಗೆ ಹೋದವಳೇ ಮ್ಯಾನೇಜರ್ ಹತ್ತಿರ ಹೇಳಿದೆ. ಮಾತು ಮುಗಿಯುವ ಮುಂಚೆ ಅವರ ಮುಖ ಕೆಂಪಾಯಿತು. ಆದರೆ ಮೊದಲು ಫೋನು ಎತ್ತಿದರು. ನಮ್ಮ ಪುಣ್ಯ, ಲಾರಿಯ ಮಾಲು ಇನ್ನೂ ಹುಬ್ಬಳ್ಳಿಯ ಟ್ರಾನ್ಸ್‌ಪೋರ್ಟ್ ಗೋದಾಮಿನಲ್ಲೇ ಇತ್ತು. ಮಧ್ಯಾಹ್ನಕ್ಕೆ ವಾಪಸ್ ಬಂತು. ಯಾವ ಆರು ಅಂತ ಹೇಳಲಾಗದೆ 40ನ್ನೂ ಮತ್ತೆ ಬೆಂಚಿಗೆ ಹಾಕಿದೆವು. 39 ಒಣಗಿದ್ದವು. ಒಂದು, ನಲವತ್ತನೆಯ ಸೆಕೆಂಡಿಗೆ, ಕುತ್ತಿಗೆಯ ಹತ್ತಿರ ಬೆವರಿತು.

ಆ ಒಂದು ಸಣ್ಣ ಒದ್ದೆ ಕಲೆ ನೋಡಿ ನನ್ನ ಕಾಲು ನಡುಗಿದವು.

ಸೆಟ್ಲಮೆಂಟಿನ ಕಾಕಾ

ಬೈಗುಳ ಬಿತ್ತು, ಎಚ್ಚರಿಕೆ ಪತ್ರವೂ ಬಂತು. ಅದು ನ್ಯಾಯವೇ. ಆದರೆ ನನ್ನೊಳಗೆ ಏನೋ ಮುರಿದಿತ್ತು. ಮುಂದಿನ ವಾರ ಒಂದೊಂದು ವಾಲ್ವನ್ನೂ ಎರಡೆರಡು ಸಲ ಹಾಕಿದೆ. ಗೇಜಿನ ಮುಳ್ಳು ನೋಡಿದರೆ ಹೊಟ್ಟೆ ತೊಳಸುತ್ತಿತ್ತು. ರಾಜೀನಾಮೆ ಪತ್ರ ಫೋನಿನಲ್ಲಿ ಟೈಪ್ ಮಾಡಿಟ್ಟುಕೊಂಡಿದ್ದೆ.

ನಮ್ಮ ಅಸೆಂಬ್ಲಿ ವಿಭಾಗದಲ್ಲಿ ಒಬ್ಬರು ಹಿರಿಯರಿದ್ದಾರೆ. ಎಲ್ಲರಿಗೂ ಅವರು ಕಾಕಾ. ಹುಬ್ಬಳ್ಳಿಯ ಸೆಟ್ಲಮೆಂಟ್ ಓಣಿಯವರು. ಚಾ ಅಂಗಡಿಯಲ್ಲಿ ನನ್ನ ಮುಂದೆ ಕೂತು ಬಸಿಗೆ ಚಾ ಸುರಿದುಕೊಂಡು ಕೇಳಿದರು, "ತಂಗಿ, ನೀ ಗೋಲಕೀಪರ್ ಇದ್ದೆಂತಲ್ಲ? ಹುಡುಗರು ಹೇಳಿದ್ರು. ನಾನೂ ಕೀಪರ್. ಹಾಕಿ."

ಸೆಟ್ಲಮೆಂಟ್ ಅಂದರೇನೆಂದು ಹೊಸಬರಿಗೆ ಹೇಳಬೇಕು. 1871ರಲ್ಲಿ ಬ್ರಿಟಿಷರು ಒಂದು ಕಾಯಿದೆ ತಂದು ಇಡೀ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಅಪರಾಧಿಗಳು ಅಂತ ಪಟ್ಟಿ ಮಾಡಿದರು. ಆಮೇಲೆ ಅವರನ್ನು ಕಾವಲಿನೊಳಗೆ ಇಡಲು ಹುಬ್ಬಳ್ಳಿ, ಗದಗ-ಬೆಟಗೇರಿಯಂಥ ಕಡೆ ಸೆಟ್ಲಮೆಂಟುಗಳಾದವು. ಆ ಕಾಯಿದೆ ಪೂರ್ತಿ ಹೋದದ್ದು 1952ರಲ್ಲಿ. ಬೇಲಿ ಹೋಯಿತು, ಹೆಸರು ಉಳಿಯಿತು. ಅದೇ ಓಣಿಗಳಲ್ಲಿ ಹಾಕಿ ಬೇರುಬಿಟ್ಟಿತು. ಯಾರ ಅಜ್ಜಂದಿರನ್ನು ಕಳ್ಳರು ಅಂತ ಹಾಜರಿ ಕೂಗಿ ಎಣಿಸುತ್ತಿದ್ದರೋ, ಅವರ ಮೊಮ್ಮಕ್ಕಳು ತಮ್ಮ ಊರಿನ ಗೋಲು ಕಾಯಲು ನಿಂತರು.

"ಹಳೇ ಕ್ರಿಕೆಟ್ ಪ್ಯಾಡ್ ಕಟ್ಕೊಂಡು ನಿಲ್ಲತಿದ್ವಿ," ಅಂದರು ಕಾಕಾ. "ನಮಗೆಲ್ಲ ದೇವರಂದ್ರ ಬಲ್ಲಾಳ. ಬ್ಯಾಂಕಾಕ್ ಫೈನಲ್ ನೋಡೀಯೇನ?"

ನಾನು ಆಗ ಕೂಸು. ಆಮೇಲೆ ಓದಿ ತಿಳಿದುಕೊಂಡೆ. 1998ರ ಡಿಸೆಂಬರ್, ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟ. ಹಾಕಿ ಫೈನಲ್‌ನಲ್ಲಿ ಭಾರತ, ದಕ್ಷಿಣ ಕೊರಿಯಾ 1-1. ಪೆನಾಲ್ಟಿ ಸ್ಟ್ರೋಕ್‌ಗೆ ಹೋಯಿತು. ಗೋಲಿನಲ್ಲಿದ್ದವರು ಬೆಂಗಳೂರಿನ ಆಶಿಶ್ ಬಲ್ಲಾಳ್. 1992ರ ಬಾರ್ಸಿಲೋನಾ ಒಲಿಂಪಿಕ್ಸ್ ತಂಡದಲ್ಲಿದ್ದವರು. ಸ್ಟ್ರೋಕ್ ಅಂದರೆ ಆರೂವರೆ ಮೀಟರಿಗೂ ಹತ್ತಿರದಿಂದ, ಒಬ್ಬ ಹೊಡೆಯುವವನು, ಒಬ್ಬ ತಡೆಯುವವನು, ನಡುವೆ ಯಾರೂ ಇಲ್ಲ. ಬಲ್ಲಾಳ್ ಎರಡು ತಡೆದರು. ಭಾರತ 4-2ರಲ್ಲಿ ಗೆದ್ದಿತು. 1966ರ ನಂತರ, 32 ವರ್ಷಕ್ಕೆ, ಹಾಕಿಯಲ್ಲಿ ಏಷ್ಯಾಡ್ ಚಿನ್ನ.

"ಆಮ್ಯಾಲೆ ಏನಾತು ಗೊತ್ತೈತೇನ?" ಬಸಿ ಕೆಳಗಿಟ್ಟರು ಕಾಕಾ. "ಚಿನ್ನ ತಂದವರನ್ನ ಟೀಮಿನಿಂದ ತಗದ್ರು."

ಅದೂ ನಿಜ. ಆ ಗೆಲುವಿನ ಬೆನ್ನಲ್ಲೇ ನಾಯಕ ಧನರಾಜ್ ಪಿಳ್ಳೈ, ಬಲ್ಲಾಳ್ ಸೇರಿ ಹಲವು ಹಿರಿಯರನ್ನು ತಂಡದಿಂದ ಕೈಬಿಟ್ಟರು. ಬಲ್ಲಾಳ್ ಮುಂದೆ ಬೆಂಗಳೂರಿನಲ್ಲಿ ಮಕ್ಕಳಿಗೆ ಹಾಕಿ ಕಲಿಸಲು ನಿಂತರು.

"ಉಳಿಸಿದ್ದನ್ನ ಯಾರೂ ಎಣಸಂಗಿಲ್ಲವಾ ತಂಗಿ, ಬಿಟ್ಟದ್ದನ್ನ ಎಣಸ್ತಾರ. ಅದು ಕೀಪರ್ ಹಣೇಬರಹ. ಹಂಗಂತ ಗೋಲು ಖಾಲಿ ಬಿಟ್ಟು ಹೋಗಾಕ ಬರತೈತೇನು? ನೀ ಬಿಟ್ಟಿ, ಖರೆ. ನೀನ ಹೋಗಿ ಹೇಳಿದಿ, ಅದೂ ಖರೆ. ಈಗ ನೀ ಹೋದ್ರ ಆ ಬೆಂಚಿಗೆ ಬರಾಂವಗ ಮೂವತ್ತು ಸೆಕೆಂಡಿನ ಬೆಲೆ ಗೊತ್ತಿರತೈತೇನು?"

ಚಾದ ದುಡ್ಡು ಅವರೇ ಕೊಟ್ಟರು. ರಾಜೀನಾಮೆ ಪತ್ರ ಫೋನಿನಲ್ಲಿ ಇನ್ನೂ ಇತ್ತು. ಅವತ್ತು ರಾತ್ರಿ ಅಳಿಸಿದೆ.

ಈಗ ನಮ್ಮ ಬೆಂಚಿನ ಮೇಲೆ ಒಂದು ದೊಡ್ಡ ಟೈಮರ್ ಇದೆ. ಗುಂಡಿ ಒತ್ತಿದರೆ ಅರವತ್ತರಿಂದ ಕೆಳಗೆ ಎಣಿಸುತ್ತದೆ. ಸೊನ್ನೆಯಾಗುವವರೆಗೆ ಸಹಿ ಮಾಡುವಂತಿಲ್ಲ, ಸಹಿಯೂ ಇಬ್ಬರದು. ಟೈಮರ್ ಕೇಳಿದ್ದು ನಾನು. ಲಾರಿ ಹಾರ್ನ್ ಹೊಡೆಯುತ್ತಿದ್ದರೆ ಹೊಡೆಯಲಿ.

ಮೂರನೆಯ ಚೆಂಡು

ಖಾಲಿ ಪ್ಲಾಟು ಹೆಚ್ಚು ದಿನ ಖಾಲಿ ಇರಲಿಕ್ಕಿಲ್ಲ. ಮೊನ್ನೆ ಯಾರೋ ಬಂದು ಅಳತೆ ಮಾಡಿ, ನಾಲ್ಕು ಮೂಲೆಗೂ ಕಲ್ಲು ನೆಟ್ಟು ಸುಣ್ಣ ಬಳಿದು ಹೋದರು. ಅಲ್ಲಿಯೂ ಒಂದು ಶೆಡ್ಡು ಏಳುತ್ತದೆ, ಒಂದಷ್ಟು ಜನಕ್ಕೆ ಕೆಲಸ ಸಿಗುತ್ತದೆ. ಬೇಡ ಅನ್ನಲಾಗುವುದಿಲ್ಲ. ಹುಡುಗರು ಕಂಬ ಕಿತ್ತು ಬೇರೆ ಕಡೆ ನೆಡುವ ಮಾತಾಡುತ್ತಿದ್ದಾರೆ.

ಹೋದ ಶನಿವಾರ ಅವರ ಕೀಪರ್ ಬಂದಿರಲಿಲ್ಲ. 'ಮೇಡಂ, ನೀವ ನಿಂದ್ರಿ' ಅಂದರು. ನಾನು ಬ್ಯಾಗು, ಡಬ್ಬಿ ಕಲ್ಲಿನ ಮೇಲಿಟ್ಟು, ದುಪಟ್ಟಾ ಸೊಂಟಕ್ಕೆ ಬಿಗಿದು, ಸೇಫ್ಟಿ ಶೂ ಹಾಕಿಕೊಂಡೇ ಹೋಗಿ ನಿಂತೆ. ಮಳೆ ಬಂದು ನೆಲ ಹಸಿಯಾಗಿತ್ತು. ಎರಿ ಮಣ್ಣು ಆಗಲೇ ಶೂ ಹಿಡಿದಿತ್ತು. ಬೈಪಾಸಿನ ಕಡೆಯಿಂದ ಲಾರಿಗಳ ಸದ್ದು. ಚಾ ಅಂಗಡಿಯ ಮುಂದೆ ಕಾಕಾ ಬಸಿ ಹಿಡಿದು ನೋಡುತ್ತಿದ್ದರು.

ಮೊದಲ ಚೆಂಡು ಬಲಗಡೆ ಮೇಲೆ ಹೋಯಿತು. ನಾನು ಅಲ್ಲಾಡಲೂ ಇಲ್ಲ. ಬಗ್ಗಿ ಎತ್ತಿ ಕೊಟ್ಟೆ. ಎರಡನೆಯದು ಕಾಲ ಸಂದಿಯಲ್ಲಿ. ಹುಡುಗರು ನಗು ತಡೆದುಕೊಂಡರು. ಬಗ್ಗಿ ಎತ್ತಿ ಕೊಟ್ಟೆ. ಮೂರನೆಯ ಹುಡುಗ ಓಡಿ ಬರುವಾಗ ಅವನ ಭುಜ ನೋಡಿದೆ, ಮಣಿಕಟ್ಟು ನೋಡಿದೆ. ಕೈ ತಾನಾಗಿ ಎಡಕ್ಕೆ ಹೋಯಿತು. ಚೆಂಡು ಮುಂಗೈಗೆ ಬಡಿದು, ಕಂಬಕ್ಕೆ ತಾಗಿ, ಹೊರಗೆ ಬಿತ್ತು.

ಸೋಮವಾರ ಬೆಂಚಿನ ಮುಂದೆ ನಿಂತಾಗಲೂ ಮುಂಗೈ ಮೇಲೆ ನೀಲಿ ಗುರುತು ಇತ್ತು. ವಾಲ್ವಿಗೆ ನೀರು ತುಂಬಿ, ಒತ್ತಡ ಏರಿಸಿ, ಟೈಮರ್ ಒತ್ತಿದೆ. ಅರವತ್ತು, ಐವತ್ತೊಂಬತ್ತು, ಐವತ್ತೆಂಟು...